ಒಂದು ಲೋಟ ಅಂದರೆ ಯಾರ ಮನೆ ಲೋಟ?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಗುಂಪೊಂದು ಕೂತಿರುತ್ತದಲ್ಲ, ಅದರ ಪಕ್ಕದಲ್ಲಿ ನಿಲ್ಲುವುದಕ್ಕೆ ಜಾಗ ಸಿಕ್ಕರೂ ಸಾಕು, ಪೇಪರೂ ಬೇಡ, ಫೋನೂ ಬೇಡ. ಚಾಂಪಿಯನ್ನಿನಲ್ಲಿ ಹತ್ತಿದವರು ಸಾರಿನ ಪುಡಿಗೆ ಕೈ ಹಾಕಿದರೆ ಉರಿಗಾಂನಲ್ಲಿ ಹತ್ತಿದವರು ಅದರಲ್ಲಿ ಮೆಂತ್ಯ ಕಡಿಮೆ ಮಾಡಿಸುತ್ತಾರೆ. ಬಂಗಾರಪೇಟೆಯಲ್ಲಿ ಹತ್ತಿದವರು "ಮೊದಲಿಂದ ಹೇಳ್ರೀ" ಅಂತ ರೈಲನ್ನೇ ವಾಪಸ್ಸು ಕಳಿಸುವ ಹಾಗೆ ಕೇಳುತ್ತಾರೆ. ಟೇಕಲ್ ದಾಟುವ ಹೊತ್ತಿಗೆ ಪುಡಿ ಹುರಿದಾಗಿರುತ್ತದೆ, ಮಾಲೂರಿಗೆ ಒಗ್ಗರಣೆ. ವೈಟ್‌ಫೀಲ್ಡಿನಲ್ಲಿ ಅರ್ಧ ಜನ ಇಳಿದು ಹೋಗುವುದರಿಂದ ಉಪ್ಪು ಎಷ್ಟು ಅನ್ನುವುದು ಮಾತ್ರ ಯಾವತ್ತೂ ಇತ್ಯರ್ಥವಾಗುವುದಿಲ್ಲ.

ಈ ಇಡೀ ಪಾಠಕ್ಕೆ ಅಳತೆ ಅಂತ ಇರುವುದು ಒಂದೇ, ಲೋಟ. "ಒಂದು ಲೋಟ ಧನಿಯಾ, ಕಾಲು ಲೋಟ ಕಡಲೆಬೇಳೆ, ಅದೇ ಲೋಟದಲ್ಲಿ ಎರಡು ಲೋಟ ಮೆಣಸಿನಕಾಯಿ, ಒತ್ತಿ ತುಂಬಬೇಡಿ ಮತ್ತೆ." ಯಾರ ಮನೆ ಲೋಟ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ, ಕೇಳಿದವರ ಮುಖವನ್ನೇ ನೋಡುತ್ತಾರೆ. ಆದರೆ ಸ್ವಾಮಿ, ನಮ್ಮ ಕಡೆ ಮದುವೆಗೆ ಉಡುಗೊರೆ ಬಂದ ಲೋಟಗಳೇ ಒಂದೊಂದು ಮನೆಯಲ್ಲಿ ಆರೇಳು ಸೈಜಿನವು ಇರುತ್ತವೆ. ಅಂಚಿನ ಮೇಲೆ ಕೊಟ್ಟವರ ಹೆಸರು, ಇನಿಷಿಯಲ್ಲು, ಮದುವೆಯ ತಾರೀಖು ಎಲ್ಲ ಕೆತ್ತಿಸಿರುತ್ತಾರೆಯೇ ಹೊರತು, ಇದರಲ್ಲಿ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಅಂತ ಯಾವ ಪುಣ್ಯಾತ್ಮರೂ ಕೆತ್ತಿಸಿದ್ದನ್ನು ಕಾಣೆ.

ಹೀಗಿರುವಾಗ ಬಂಗಾರಪೇಟೆಯ ನಮ್ಮ ಸೋದರತ್ತೆಯ ಮನೆಗೆ ತೂಕದ ಯಂತ್ರ ಬಂತು. ತಂದವಳು ಸೊಸೆ. ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ, ಶನಿವಾರ ಭಾನುವಾರ ಕೇಕಿನ ಹುಚ್ಚು. ಯಂತ್ರ ಅಂದರೆ ಒಂದು ಗಾಜಿನ ಹಲಗೆ, ಮೂಲೆಯಲ್ಲಿ ಮಿಣಮಿಣ ಅನ್ನುವ ಅಂಕಿ. ಅದನ್ನು ಮೈತೂಕ ನೋಡುವ ಯಂತ್ರ ಅಂದುಕೊಂಡ ಅತ್ತೆ "ನಾನಂತೂ ಹತ್ತಲ್ಲಮ್ಮ" ಅಂದುಬಿಟ್ಟರು. ಹತ್ತಬೇಕಾದದ್ದು ಅತ್ತೆಯಲ್ಲ, ಅತ್ತೆಯ ಅಡುಗೆ ಅಂತ ಆಮೇಲೆ ತಿಳಿಯಿತು. ಸಾರಿನ ಪುಡಿಯಿಂದ ಒಬ್ಬಟ್ಟಿನವರೆಗೆ ಎಲ್ಲವನ್ನೂ ಗ್ರಾಮಿಗೆ ಇಳಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಸೊಸೆಯ ಯೋಜನೆ. "ನೀವು ಊರಿಗೆ ಹೋದಾಗಲೂ ಮನೆ ಸಾರು ನಿಮ್ಮ ಸಾರಿನ ಹಾಗೇ ಇರಬೇಕು ಅತ್ತೆ" ಅಂದಳು. ಈ ಮಾತಿನಲ್ಲಿ ಹೊಗಳಿಕೆ ಎಷ್ಟು ಗ್ರಾಂ, ಹೊಂಚು ಎಷ್ಟು ಗ್ರಾಂ ಅಂತ ಅತ್ತೆ ಇನ್ನೂ ತೂಗಿ ನೋಡುತ್ತಿದ್ದಾರೆ.

ಭಾನುವಾರ ಅಡುಗೆಮನೆಯಲ್ಲಿ ಪಂಚಾಯ್ತಿ ಕೂತಿತು. ಅತ್ತೆ ತಮ್ಮ ಪಾವನ್ನು ತಂದಿಟ್ಟರು. ಕಬ್ಬಿಣದ್ದು, ಸೊಂಟಕ್ಕೆ ಹಿತ್ತಾಳೆ ಪಟ್ಟಿ, ಅವರ ಅತ್ತೆಯ ಕಾಲದಿಂದ ಬಂದದ್ದು. ಸೊಸೆ ಮೊದಲು ಅದಕ್ಕೆ ನೀರು ತುಂಬಿ ತೂಗಿದಳು. ಇದು ಬಲು ಜಾಣತನದ ಕೆಲಸ ಅಂತ ಒಪ್ಪಲೇಬೇಕು. ನೀರು ಒಂದು ಮಿಲಿಲೀಟರಿಗೆ ಒಂದು ಗ್ರಾಂ. ಆದ್ದರಿಂದ ಯಾವ ಪಾತ್ರೆಯ ಜಾತಕ ಬೇಕಿದ್ದರೂ ನೀರು ತುಂಬಿ ತೂಗಿದರೆ ಸಾಕು, ಜೋಯಿಸರು ಬೇಡ. ಅತ್ತೆಯ ಪಾವು 250 ಗ್ರಾಮಿನ ಆಸುಪಾಸಿಗೆ ಬಂತು. "ನಾನು ಹೇಳಲಿಲ್ವಾ, ಪಾವು ಅಂದ್ರೆ ಕಾಲು ಕೇಜಿ" ಅಂತ ಅತ್ತೆ ಗೆದ್ದ ನಗೆ ನಕ್ಕರು. ಆ ನಗೆ ಅಕ್ಕಿಯ ಸರದಿ ಬರುವ ತನಕ ಮಾತ್ರ ಇತ್ತು.

ಅದೇ ಪಾವಿಗೆ ಅಕ್ಕಿ ತುಂಬಿ ಮೇಲೆ ಬೆರಳಲ್ಲಿ ಸವರಿ ಇಟ್ಟರೆ 210 ಗ್ರಾಂ. ಸಕ್ಕರೆಯೂ ಹೆಚ್ಚು ಕಡಿಮೆ ಅಷ್ಟೇ. ಪುಡಿ ಉಪ್ಪು 300 ಮುಟ್ಟಿತು, ಮೈದಾ 130ಕ್ಕೇ ನಿಂತಿತು. ಅವಲಕ್ಕಿ ನೂರರೊಳಗೆ. ಕಡ್ಲೆಪುರಿ ಸುರಿದಾಗ ಯಂತ್ರ ಮೊದಲು ಸೊನ್ನೆಯನ್ನೇ ತೋರಿಸಿ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ 20 ಚಿಲ್ಲರೆ ಗ್ರಾಂ ಅಂದಿತು. ಅತ್ತೆಗೆ ಯಂತ್ರದ ಮೇಲೆ ಅನುಮಾನ ಶುರುವಾದದ್ದೇ ಆವಾಗ. ಒಂದು ಪಾವಿಗೆ ಒಂದೇ ತೂಕ ಇರಬೇಕಪ್ಪ, ಇದೇನು ಒಬ್ಬೊಬ್ಬರಿಗೆ ಒಂದೊಂದು ನ್ಯಾಯ?

ರಾಗಿಹಿಟ್ಟಿಗೆ ಬಂದಾಗ ನಾಟಕ ಇನ್ನೂ ಏರಿತು. ಗಿರಣಿಯಿಂದ ಬಿಸಿಬಿಸಿಯಾಗಿ ಬಂದ ಹಿಟ್ಟು, ಉಬ್ಬಿಕೊಂಡು ಹಗುರವಾಗಿ ಕೂತಿತ್ತು. ಚಮಚದಲ್ಲಿ ಮೆಲ್ಲಗೆ ತುಂಬಿ ತೂಗಿದಾಗ 130. "ಹಾಗಲ್ಲ ತುಂಬೋದು" ಅಂತ ಅತ್ತೆ ಪಾವನ್ನು ಕಿತ್ತುಕೊಂಡು ನೆಲಕ್ಕೆ ಎರಡು ಸಲ ಕುಟ್ಟಿದರು. ಹಿಟ್ಟು ಒಂದು ಬೆರಳು ಕೆಳಗಿಳಿಯಿತು. ತುಂಬಿ ಇಟ್ಟರೆ 150. ಆಮೇಲೆ ಡಬ್ಬಿಯ ತಳದಲ್ಲಿದ್ದ ಹೋದ ವಾರದ ಹಿಟ್ಟನ್ನು ಪಾವಿನಲ್ಲೇ ಬಗೆದು ಒತ್ತಿ ತಂದು ಇಟ್ಟರು. 170 ದಾಟಿತು.

"ನೋಡಮ್ಮ, ಪಾವು ಒಂದೇ, ರಾಗಿ ಒಂದೇ. ನಿನ್ನ ಯಂತ್ರ ಯಾಕೆ ಮೂರು ಸಲ ಮೂರು ಮಾತಾಡುತ್ತೆ?"

"ಮೂರು ಮಾತಾಡಿದ್ದು ಪಾವು ಅತ್ತೆ. ಯಂತ್ರ ಅದನ್ನ ಕೇಳಿಸಿಕೊಂಡಿತು ಅಷ್ಟೆ."

ಈ ಉತ್ತರಕ್ಕೆ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡೆ. ಅತ್ತೆ ಸೊಸೆ ನಡುವೆ ತಕ್ಕಡಿ ಹಿಡಿಯುವ ಗಂಡಸು ಇನ್ನೂ ಹುಟ್ಟಿಲ್ಲ.

ಇಲ್ಲಿ ಬೇರೆ ಯಾರೂ ಇಲ್ಲವಾದ್ದರಿಂದ ಹೇಳುತ್ತೇನೆ. ಮುದ್ದೆಯ ವಿಷಯದಲ್ಲಿ ನಾನು ಅತ್ತೆಯ ಕಡೆ. ಎಸರು ಕುದಿಯುತ್ತಿರುತ್ತದೆ, ಹಿಟ್ಟು ಬೀಳುತ್ತದೆ, ಕೋಲು ತಿರುವುವಾಗ ತೋಳಿಗೇ ಗೊತ್ತಾಗುತ್ತದೆ, ಇನ್ನೊಂದು ಹಿಡಿ ಬೇಕೋ, ಒಂದು ಸೌಟು ಬಿಸಿನೀರು ಬೇಕೋ ಅಂತ. ಹಿಟ್ಟು ಹೊಸದೋ ಹಳೆಯದೋ, ರಾಗಿ ಯಾವ ಹೊಲದ್ದೋ ಅನ್ನುವ ಲೆಕ್ಕವೆಲ್ಲ ಆ ಕೋಲಿನಲ್ಲೇ ಚುಕ್ತಾ. ಒಲೆಯ ಮೇಲಿರುವ ಯಾವ ಅಡುಗೆಗಾದರೂ ಹೀಗೇ ನಡುವೆ ಕೈ ಹಾಕಬಹುದು. ಆದರೆ ಕೇಕು ಓವನ್ನಿನೊಳಗೆ ಹೋಗಿ ಬಾಗಿಲು ಹಾಕಿದ ಮೇಲೆ ಅಲ್ಲಿ ಕೋಲೂ ಇಲ್ಲ, ತೋಳೂ ಇಲ್ಲ, ಗಾಜಿನ ಹೊರಗೆ ನಿಂತು ಇಣುಕಬಹುದು ಅಷ್ಟೆ. ಒಂದು ಕಪ್ಪು ಮೈದಾ ಅಂದದ್ದನ್ನು ಚಮಚದಲ್ಲಿ ತುಂಬಿದವರಿಗೂ ಡಬ್ಬಿಯಲ್ಲಿ ಅದ್ದಿ ಬಗೆದವರಿಗೂ ಕಪ್ಪಿಗೆ 20-25 ಗ್ರಾಂ ವ್ಯತ್ಯಾಸ ಬರುತ್ತದೆ. ನಾಲ್ಕು ಕಪ್ಪಿಗೆ ಮುಕ್ಕಾಲು ಕಪ್ಪು ಮೈದಾ ಟಿಕೆಟ್ಟಿಲ್ಲದೆ ಹತ್ತಿಕೊಂಡ ಹಾಗಾಯಿತು. ಹಾಗಾಗಿ ಕೇಕಿನಲ್ಲಿ ಸೊಸೆಯ ಕಡೆ.

ಇನ್ನು ಮೊಟ್ಟೆ. ಲೋಟ ಯಾವುದಾದರೇನು, ಎಲ್ಲಕ್ಕೂ ಒಂದೇ ಲೋಟ ಹಿಡಿದರೆ ಲೆಕ್ಕ ಸರಿಹೋಗುತ್ತದೆ ಅನ್ನುವುದು ರೈಲಿನ ಹೆಂಗಸರ ಸಿದ್ಧಾಂತ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು. ಸಾರಿನ ಪುಡಿಗೂ ಅನ್ನಕ್ಕೂ ಉಪ್ಪಿಟ್ಟಿಗೂ ಸತ್ಯವಾದ ಮಾತು. ಆದರೆ ಕೋಳಿಗೆ ನಿಮ್ಮ ಲೋಟ ಗೊತ್ತಿಲ್ಲ. ಹೋಟೆಲಿನ ಬೈಟು ಕಾಫಿ ಕಪ್ಪಿನಲ್ಲಿ ಎರಡು ಕಪ್ಪು ಮೈದಾ, ಒಂದು ಕಪ್ಪು ಸಕ್ಕರೆ ಅಳೆದು, ಪುಸ್ತಕದಲ್ಲಿದೆ ಅಂತ ನಾಲ್ಕು ಮೊಟ್ಟೆ ಒಡೆದರೆ ಆಗುವುದು ಕೇಕಲ್ಲ, ಸಿಹಿ ಆಮ್ಲೆಟ್ಟು.

ಅತ್ತೆಯನ್ನು ಬೈಯುವ ಮೊದಲು ನಮ್ಮ ಹಿರಿಯರ ಸಂಸಾರವನ್ನೂ ನೋಡಬೇಕು. ಸೇರು ಅಂತ ಒಂದು ಮಹಾನುಭಾವ ಇತ್ತಲ್ಲ, ಅದು ಅಳತೆಯೂ ಹೌದು, ತೂಕವೂ ಹೌದು. ಅಕ್ಕಿ ಕಾಳು ಅಳೆಯುವ ಸೇರು ಬೇರೆ, ಬೆಲ್ಲ ಹುಣಸೆ ತೂಗುವ ಸೇರು ಬೇರೆ. ತೂಕದ ಸೇರಿನಲ್ಲೇ ಪಕ್ಕಾ ಸೇರು ಅಂದರೆ 80 ತೊಲ, ಈಗಿನ ಲೆಕ್ಕಕ್ಕೆ 933 ಗ್ರಾಂ. ಕಚ್ಚಾ ಸೇರು ಅಂದರೆ 24 ತೊಲ, ಬರೀ 280 ಗ್ರಾಂ. ಐದು ಕಚ್ಚಾ ಸೇರಿಗೆ ಒಂದು ವೀಸೆ, ಎಂಟು ವೀಸೆಗೆ ಒಂದು ಮಣ, ಅಂದರೆ 11 ಕಿಲೋ ಚಿಲ್ಲರೆ. ಉತ್ತರದವರ ಮಣವೋ 40 ಪಕ್ಕಾ ಸೇರು, 37 ಕಿಲೋ ದಾಟಿದ್ದು. "ಒಂದು ಮಣ ಬೆಲ್ಲ ಕಳಿಸಿ" ಅಂತ ಕಾಗದ ಬರೆದರೆ ಸಾಕು, ಎರಡೂ ಊರಿನ ಸಾಹುಕಾರರಿಗೆ ಕೋರ್ಟು ಕಚೇರಿ ಅಲೆಯುವುದಕ್ಕೆ ಒಂದು ತಲೆಮಾರಿಗಾಗುವಷ್ಟು ಕೆಲಸ.

ನಮ್ಮದು ಗಡಿ ಸೀಮೆ ಬೇರೆ. ಕೆಜಿಎಫ್ ಚಿನ್ನದ ಗಣಿಗೆ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಜನ ಬಂದರು. ಬರುವಾಗ ಭಾಷೆಯ ಜೊತೆ ಅಳತೆಯನ್ನೂ ಗಂಟು ಕಟ್ಟಿಕೊಂಡು ಬಂದರು. ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ತಮಿಳಿನವರದು ಪಡಿ, ಎಂಟು ಆಳಾಕ್ಕಿಗೆ ಒಂದು ಪಡಿ. ತೆಲುಗಿನವರದು ಗಿದ್ದ, ಸೋಲ, ಮಾನಿಕೆ. ಕನ್ನಡದವರದು ಚಟಾಕು, ಪಾವು, ಅಚ್ಚೇರು, ಸೇರು. ಪಕ್ಕದ ಮನೆಯಿಂದ ಒಂದು ಆಳಾಕ್ಕು ಕಾಫಿಪುಡಿ ಸಾಲ ತಂದು ಅರೆಪಾವು ವಾಪಸ್ಸು ಕೊಟ್ಟರೆ ಬಡ್ಡಿ ಬಂತೋ, ಅಸಲೇ ಹೋಯಿತೋ ಅನ್ನುವ ಸಂಶಯದಲ್ಲೇ ಎಷ್ಟೋ ನೆರೆಹೊರೆಗಳು ಬಾಳಿದವು. ಬಾಳಿದವು ಅನ್ನುವುದೇ ಮುಖ್ಯ ಬಿಡಿ. ತೂಗಿ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಜಗಳ ಆಗಿರುತ್ತಿತ್ತು.

1956ರಲ್ಲಿ ದೇಶಕ್ಕೆಲ್ಲ ಒಂದೇ ತೂಕ ಅಳತೆ ಅಂತ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ ಬಟ್ಟುಗಳು ಅಂಗಡಿಗೆ ಇಳಿದವು. ಮೈಸೂರು ಸರ್ಕಾರ ಕೋಲಾರದ ಚಿನ್ನದ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡದ್ದೂ 1956ರಲ್ಲೇ. ಗಣಿಯನ್ನು ಸರ್ಕಾರಕ್ಕೆ ಒಪ್ಪಿಸಿಕೊಟ್ಟ ಊರು ಪಾವನ್ನು ಮಾತ್ರ ಒಪ್ಪಿಸಲಿಲ್ಲ.

ಅಷ್ಟಕ್ಕೂ ಒಂದು ರವೆಯಷ್ಟು ಆಚೀಚೆ ಆಗದ ಹಾಗೆ ತೂಗುವುದು ಹೇಗೆ ಅಂತ ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1880ರಲ್ಲಿ ಗಣಿ ತೋಡಲು ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಇಲ್ಲಿ ನಡೆದದ್ದೇ ಅದು. ಚಿನ್ನದ ಲೆಕ್ಕ ಔನ್ಸಿನಲ್ಲಿ, ಅದೂ ಟ್ರಾಯ್ ಔನ್ಸು, 31.1 ಗ್ರಾಂ. ಆಂಗ್ಲೋ ಇಂಡಿಯನ್ ಬಂಗಲೆಯ ಅಡುಗೆಮನೆಯಲ್ಲಿ ಬೆಣ್ಣೆ ತೂಗುತ್ತಿದ್ದದ್ದೂ ಔನ್ಸಿನಲ್ಲೇ, ಆದರೆ ಅದು ಮಾಮೂಲಿ ಔನ್ಸು, 28.35 ಗ್ರಾಂ. ಅಲ್ಲಿಗೆ ಗಂಡನ ಔನ್ಸಿಗಿಂತ ಹೆಂಡತಿಯ ಔನ್ಸು ಹಗುರ. ಗಂಡಸರು ಮೀಸೆ ತಿರುವುವ ಮೊದಲು ಇನ್ನೊಂದು ಮಾತಿದೆ. ಟ್ರಾಯ್ ಲೆಕ್ಕದಲ್ಲಿ ಪೌಂಡಿಗೆ 12 ಔನ್ಸು, ಅಂದರೆ 373 ಗ್ರಾಂ. ಅಡುಗೆಮನೆಯ ಪೌಂಡಿಗೆ 16 ಔನ್ಸು, 453 ಗ್ರಾಂ ಚಿಲ್ಲರೆ. ಆದ್ದರಿಂದ ಒಂದು ಔನ್ಸು ಚಿನ್ನ ಒಂದು ಔನ್ಸು ಬೆಣ್ಣೆಗಿಂತ ಭಾರ, ಒಂದು ಪೌಂಡು ಚಿನ್ನ ಒಂದು ಪೌಂಡು ಬೆಣ್ಣೆಗಿಂತ ಹಗುರ. ಇದು ಒಗಟಲ್ಲ, ಬ್ರಿಟಿಷರ ಕೋಷ್ಟಕ. ಇಂಥಾ ಕೋಷ್ಟಕ ಇಟ್ಟುಕೊಂಡು ಅವರು ನಮ್ಮ ಸೇರನ್ನು ನೋಡಿ ನಕ್ಕಿರಬೇಕಲ್ಲ, ಅದಕ್ಕೆ ನನಗೆ ನಗು.

ಔನ್ಸಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ದ್ರವಕ್ಕೆ ಅಂತ ಇನ್ನೊಂದು ಔನ್ಸು ಇದೆ, ಅದು ತೂಕವಲ್ಲ, ಅಳತೆ. ಅದರಲ್ಲೂ ಇಂಗ್ಲೆಂಡಿನದು 28.4 ಮಿಲಿಲೀಟರ್, ಅಮೆರಿಕದ್ದು 29.6. ಕ್ರಿಸ್‌ಮಸ್ ಕೇಕಿಗೆ ದ್ರಾಕ್ಷಿ ನೆನೆಸುವ ರಮ್ಮು ಯಾವ ಔನ್ಸಿನದು ಅನ್ನುವುದನ್ನು ನೆನೆಸುವವರ ವಿವೇಚನೆಗೇ ಬಿಡಲಾಗಿತ್ತು. ವಿವೇಚನೆ ಯಾವಾಗಲೂ ದ್ರಾಕ್ಷಿಯ ಪರವಾಗಿಯೇ ಇರುತ್ತಿತ್ತು ಅಂತ ಹೇಳಲಾರೆ.

ಕೆಜಿಎಫ್‌ನ ಈ ಅಡುಗೆ ಕಡಲು ದಾಟಿದ ಮೇಲೆ ತಾಪತ್ರಯ ಇನ್ನೂ ಬೆಳೆಯಿತು. ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲೋ ಇಂಡಿಯನ್ನರಲ್ಲಿ ಎಷ್ಟೋ ಮಂದಿ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೋದರು. ಗಣಿಯ ಊರಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಅವರು ಆ ಅಡುಗೆಯನ್ನೆಲ್ಲ ಪುಸ್ತಕಗಳಲ್ಲಿ ಕೂಡಿಹಾಕಿದ್ದಾರೆ. ಬಾಲ್ ಕರಿ, ತೆಂಗಿನಹಾಲಿನ ಹಳದಿ ಅನ್ನ, ಕಲ್‌ಕಲ್, ರೋಸ್ ಕುಕ್ಕಿ, ಎಲ್ಲ ಸಮುದ್ರದಾಚೆಯ ಮೊಮ್ಮಕ್ಕಳಿಗೂ ಸಿಗುತ್ತವೆ. ಸಿಕ್ಕಿದ ಮೇಲೆ ಆ ಮೊಮ್ಮಕ್ಕಳು ಕೈಗೆತ್ತಿಕೊಳ್ಳುವ ಚಮಚದ ಗತಿ ನೋಡಿ. ಬೇರೆ ಕಡೆಯಲ್ಲೆಲ್ಲ ದೊಡ್ಡ ಚಮಚ ಅಂದರೆ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ ಮಾತ್ರ 20. ಮಾರಿಕುಪ್ಪಂ ಲೆಕ್ಕದಲ್ಲಿ ಮೂರು ಚಮಚ ಖಾರದಪುಡಿ ಹಾಕು ಅಂತ ಅಜ್ಜಿ ಫೋನಿನಲ್ಲಿ ಹೇಳಿದರೆ ಪರ್ತ್‌ನಲ್ಲಿ ಬೀಳುವುದು ನಾಲ್ಕು. ಊರ ಕಡೆಯ ಅಡುಗೆ ಅಂದರೆ ಕಣ್ಣಲ್ಲಿ ನೀರು ಬರುತ್ತದೆ ಅಂತ ಅವರು ಬರೆಯುವುದು ನೆನಪಿಗೋ ಖಾರಕ್ಕೋ ನಿರ್ಧರಿಸುವುದು ಕಷ್ಟ. ಕಪ್ಪೂ ಹಾಗೇ, ಅಮೆರಿಕದ್ದು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250. ಈ ಕಪ್ಪು ಚಮಚಗಳನ್ನು ಅಂಚಿಗೆ ಸಮ ಸವರಿ ಅಳೆಯಬೇಕು ಅಂತ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಎಂಬಾಕೆ 1896ರ ತನ್ನ ಅಡುಗೆ ಪುಸ್ತಕದಲ್ಲಿ ಅಮೆರಿಕಕ್ಕೆಲ್ಲ ಪಾಠ ಹೇಳಿದಳು. ಅಲ್ಲಿಗೆ ಅಳತೆ ಸಮವಾಯಿತು, ಹಿಟ್ಟು ಮಾತ್ರ ತನ್ನ ಪಾಡಿಗೆ ತಾನು ಉಬ್ಬಿಕೊಂಡೇ ಇತ್ತು.

ಗಾತ್ರ ಒಂದೇ ಇದ್ದರೂ ತೂಕ ಒಂದೇ ಅಲ್ಲ ಅನ್ನುವ ಈ ಸತ್ಯವೇ ನಮ್ಮೂರಿಗೆ ನೂರಿಪ್ಪತ್ತು ವರ್ಷ ಅನ್ನ ಹಾಕಿದ್ದು. ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ, ನೀರಲ್ಲಿ ಕಲಸಿ, ಒರಟು ಬಟ್ಟೆಯ ಮೇಲೆ ಹರಿಸುತ್ತಿದ್ದರು. ಹಗುರವಾದ ಕಲ್ಲಿನ ಪುಡಿ ಹರಿದು ಹೋಗುತ್ತಿತ್ತು, ಭಾರದ ಚಿನ್ನ ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಲ್ಲೂ ತಪ್ಪಿಸಿಕೊಂಡದ್ದನ್ನು ಸೈನೈಡು ಹಿಡಿದುಕೊಡುತ್ತಿತ್ತು. ನೀರಿಗಿಂತ ಚಿನ್ನ 19.3 ಪಟ್ಟು ಭಾರ. ಅತ್ತೆಯ ಪಾವಿಗೆ ಚಿನ್ನ ತುಂಬಿ ತಲೆ ಸವರಿ ಇಟ್ಟರೆ 4 ಕಿಲೋ 800 ಗ್ರಾಂ ಆಗುತ್ತದೆ. ಸೊಸೆಯ ಯಂತ್ರ ಅದಕ್ಕೆ ಅಡ್ಡಡ್ಡ ಗೆರೆ ತೋರಿಸಿ ಕೈ ಮುಗಿದೀತು.

ಗಣಿಯ ಕೊನೆಗಾಲದಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಮೂರ್ನಾಲ್ಕು ಗ್ರಾಂ. ಅಡುಗೆಯವರಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ಒಂದು ಟೀ ಚಮಚ ಚಿನ್ನ ಬೇಕಿದ್ದರೆ ಟನ್ನಿಗೆ ಮೂರು ಗ್ರಾಮಿನಂತೆ 32 ಟನ್ ಕಲ್ಲು ತಗೊಳ್ಳಿ, ನುಣ್ಣಗೆ ಅರೆಯಿರಿ, ಸೋಸಿ. ಸೋಸಿ ಉಳಿದ ಗಸಿ ಇವತ್ತಿಗೂ ಊರ ಸುತ್ತ ಸೈನೈಡ್ ದಿಬ್ಬಗಳಾಗಿ ನಿಂತಿದೆ, 3 ಕೋಟಿ ಟನ್ನಿಗೂ ಮೀರಿದ್ದು. ಗಾಳಿ ಬೀಸಿದ ದಿನ ಅದರಲ್ಲಿ ಒಂದೆರಡು ಚಿಟಿಕೆ ನಮ್ಮ ಸಾರಿಗೂ ಬೀಳುತ್ತದೆ. ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ಇಲ್ಲಿಂದ ಹೊರಬಿದ್ದ ಚಿನ್ನ 800 ಟನ್ ಅಂತ ಲೆಕ್ಕ. ಸೊಸೆಯ ವಿದ್ಯೆಯನ್ನು ತಿರುಗಾಮುರುಗಾ ಮಾಡಿ, ತೂಕವನ್ನು ಅಳತೆಗೆ ಇಳಿಸಿ ನೋಡಿದೆ. 800 ಟನ್ ಚಿನ್ನ ಅಂದರೆ 41,000 ಲೀಟರ್ ಚಿಲ್ಲರೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರಿನಲ್ಲಿ ಏಳು ಟ್ಯಾಂಕರ್. ಅಷ್ಟೇ! ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಮೂರ್ನಾಲ್ಕು ತಲೆಮಾರು ಬೆವರು ಸುರಿಸಿ ಅಗೆದದ್ದು ಏಳು ಟ್ಯಾಂಕರ್. ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ. "ಏಳು ಟ್ಯಾಂಕರ್ ನೀರು ಬಂದ್ರೆ ನಮ್ಮ ಬೀದಿಗೆ ನಾಲ್ಕು ದಿನಕ್ಕಾಗಲ್ಲ" ಅಂದರು. ಚಿನ್ನ ಬಂದರೆ ಎಷ್ಟು ದಿನಕ್ಕಾಗುತ್ತದೆ ಅಂತ ನಾನು ಕೇಳಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಸೊಸೆಯ ಕಣ್ಣು ಸೆವೆನ್ ಕಪ್ಪಿನ ಮೇಲೆ ಬಿತ್ತು. ಈ ಸಿಹಿಗೆ ಅಳತೆಯೇ ಹೆಸರು. ಒಂದು ಕಪ್ಪು ಕಡಲೆಹಿಟ್ಟು, ಒಂದು ಕಪ್ಪು ತೆಂಗಿನತುರಿ, ಒಂದು ಕಪ್ಪು ಹಾಲು, ಒಂದು ಕಪ್ಪು ತುಪ್ಪ, ಮೂರು ಕಪ್ಪು ಸಕ್ಕರೆ, ಎಲ್ಲಾ ಒಂದೇ ಬಾಣಲೆಗೆ, ತಿರುವುತ್ತಾ ಇರಿ. ಎಷ್ಟು ಸಮಾನತೆ, ಎಷ್ಟು ಪ್ರಜಾಪ್ರಭುತ್ವ! ಸಕ್ಕರೆಗೆ ಮೂರು ಓಟು ಇದ್ದರೂ ಉಳಿದ ನಾಲ್ಕು ಜನ ಒಟ್ಟಾದರೆ ಬಹುಮತ ಅವರದೇ. ಸೊಸೆ ತನ್ನ 240 ಮಿಲಿಲೀಟರಿನ ಕಪ್ಪು ತಂದು ಒಂದೊಂದನ್ನೇ ಯಂತ್ರದ ಮೇಲೆ ಇಟ್ಟಳು. ಕಡಲೆಹಿಟ್ಟು 100 ಗ್ರಾಂ. ತೆಂಗಿನತುರಿ 80. ಹಾಲು 247, ತುಪ್ಪ 218. ಸಕ್ಕರೆ 600. ಒಟ್ಟು ಒಂದೂಕಾಲು ಕೇಜಿಗೆ ಐದು ಗ್ರಾಂ ಕಡಿಮೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. ಹಾಲಿನಲ್ಲಿರುವ ನೀರು ಬಾಣಲೆಯಲ್ಲಿ ಆವಿಯಾಗಿ ಹೋದ ಮೇಲೆ ಅರ್ಧಕ್ಕೂ ಮಿಗಿಲು. ಉಳಿದದ್ದರಲ್ಲಿ ಸಿಂಹಪಾಲು ತುಪ್ಪದ್ದು. ಹೆಸರಿಗೆ ಮುಂದೆ ನಿಂತ ಕಡಲೆಹಿಟ್ಟು ಪಂಚಾಯ್ತಿಯಲ್ಲಿ ಡಮ್ಮಿ ಮೆಂಬರು.

"ಅಯ್ಯೋ, ಅರ್ಧಕ್ಕರ್ಧ ಸಕ್ಕರೆ ತಿಂತಿದ್ವಾ ನಾವು?" ಅಂತ ಸೊಸೆ ಕಂಗಾಲಾದಳು. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಅವರು ಅಷ್ಟು ವರ್ಷದಿಂದ ಕಪ್ಪಿನ ಲೆಕ್ಕದಲ್ಲೇ ನಿಶ್ಚಿಂತೆಯಿಂದ ಒಂದೊಂದು ತುಂಡು ಸೇವಿಸಿಕೊಂಡು ಬಂದವರು. ಯಂತ್ರವನ್ನು ಅವತ್ತಿನಿಂದ ಅವರು ಸರಿಯಾಗಿ ಮಾತಾಡಿಸುತ್ತಿಲ್ಲ. ಗ್ರಾಮಿಗೆ ಇಳಿಸುವುದರಿಂದ ಯಾರಿಗೆ ಏನು ಲಾಭ ಅಂತ ನನ್ನನ್ನು ಕೇಳಿದರು. ನನಗೆ ಅವರ ತುಂಡಿನ ಪಾಲು ಸಿಕ್ಕಿದೆ, ಆದರೆ ಅದನ್ನು ಅವರ ಮುಂದೆ ಹೇಳುವ ಹಾಗಿಲ್ಲ.

ಎಣ್ಣೆಯ ವಿಷಯದಲ್ಲಿ ಅತ್ತೆಗೂ ಯಂತ್ರಕ್ಕೂ ಮೊದಲ ಸಲ ರಾಜಿಯಾಯಿತು. ಒಂದು ಲೀಟರ್ ಪ್ಯಾಕೆಟ್ಟು ತೂಗಿದರೆ ಒಂದು ಕೇಜಿ ಬರಲಿಲ್ಲ. 90 ಗ್ರಾಂ ಅಂಗಡಿಯವನು ನುಂಗಿದ ಅಂತ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದರು. ಸೊಸೆ ಪ್ಯಾಕೆಟ್ಟು ತಿರುಗಿಸಿ ತೋರಿಸಿದಳು, ಲೀಟರಿನ ಪಕ್ಕದಲ್ಲೇ 910 ಗ್ರಾಂ ಅಂತ ಅಚ್ಚಾಗಿದೆ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಸಾರಿನ ಮೇಲೆ ತೇಲುವುದು. ಬಿಸಿಯಾದರೆ ಇನ್ನೂ ಹಿಗ್ಗುತ್ತದೆ, ಲೀಟರಿನ ತೂಕ ಇನ್ನೂ ಇಳಿಯುತ್ತದೆ. ಕೆಲವು ಕಂಪನಿಗಳು ಇಷ್ಟು ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ಅಂತ ಅಚ್ಚು ಹಾಕುತ್ತಿದ್ದವು. ಹಾಗೆ ಉಷ್ಣತೆ ನಮೂದಿಸಬೇಡಿ, ಪ್ಯಾಕೆಟ್ಟಿನಲ್ಲಿ ಸರಿಯಾದ ತೂಕ ಇರಲಿ ಅಂತ 2022ರಲ್ಲಿ ಕೇಂದ್ರ ಸರ್ಕಾರವೇ ಹೇಳಬೇಕಾಯಿತು. ಇದನ್ನು ಕೇಳಿದ ಮೇಲೆ ಅತ್ತೆ ಅಂಗಡಿಯಿಂದ ತಂದ ಪ್ರತಿಯೊಂದನ್ನೂ ತೂಗಲು ಶುರು ಮಾಡಿದ್ದಾರೆ. ಅಂಗಡಿಯವರ ಸಾಮಾನಿಗೆ ಗ್ರಾಂ, ತಮ್ಮ ಅಡುಗೆಗೆ ಪಾವು. ಈ ದ್ವಂದ್ವ ನೀತಿಯನ್ನು ನಾನು ತುಂಬು ಹೃದಯದಿಂದ ಬೆಂಬಲಿಸುತ್ತೇನೆ.

ಸೊಸೆಗೆ ಈಗ ದಾಟಲಾಗದೆ ನಿಂತಿರುವುದು ಹುಣಸೆಹಣ್ಣು ಒಂದೇ. "ನಿಂಬೆಹಣ್ಣಿನ ಗಾತ್ರ" ಅನ್ನುತ್ತಾರೆ ಅತ್ತೆ. ಪಾನಿಪೂರಿ ಗಾಡಿಯವರು ಕೊಳ್ಳುವ ಗೋಲಿಯಂಥ ನಿಂಬೆಯೋ, ಆಯುಧಪೂಜೆಗೆ ಲಾರಿ ಚಕ್ರದ ಕೆಳಗೆ ಇಡುವ ದಪ್ಪ ನಿಂಬೆಯೋ? "ನಮ್ಮ ಹಿತ್ತಲ ಗಿಡದ್ದು" ಅನ್ನುತ್ತಾರೆ. ಆ ಗಿಡ ಕಡಿದು ಕಾರು ನಿಲ್ಲಿಸುವ ಜಾಗ ಮಾಡಿ ವರ್ಷಗಳಾದವು. ಬಂಗಾರಪೇಟೆಯ ಪಾನಿಪೂರಿಯವರನ್ನೇ ಕೇಳೋಣ ಅಂದರೆ ಅವರ ಬಳಿಯೂ ಗ್ರಾಂ ಇಲ್ಲ. ಕುಡಿಯುವ ನೀರಿನಷ್ಟು ತಿಳಿಯಾಗಿ ಕಾಣುವ ಆ ಪಾನಿಗೆ ಏನು ಎಷ್ಟು ಅಂತ ಕಣ್ಣಿಗೂ ಗೊತ್ತಾಗದು, ತಕ್ಕಡಿಗೂ ಗೊತ್ತಾಗದು. ಬೆಂಗಳೂರಿನ ಬೀದಿಬೀದಿಯಲ್ಲಿ ಬಂಗಾರಪೇಟೆ ಪಾನಿಪೂರಿ ಅಂತ ಬೋರ್ಡು ಬಿದ್ದಿದೆ. ಹೆಸರನ್ನು ಒಯ್ದವರು ಇಲ್ಲಿನ ಕೈ ಅಳತೆಯನ್ನೂ ಒಯ್ದಿದ್ದಾರೆಯೇ ಅಂತ ನಾಲಗೆಗೆ ಆಗಾಗ ಅನುಮಾನ ಬರುತ್ತದೆ.

ಕಳೆದ ಸಂತೆಗೆ ಸೊಸೆ ನಮ್ಮ ಜೊತೆ ಬಂದಿದ್ದಳು. ಕಡ್ಲೆಪುರಿ ಗಾಡಿಯ ಮುಂದೆ ಅತ್ತೆ ಎಂದಿನಂತೆ "ಎರಡು ಸೇರು" ಅಂದರು. ಗಾಡಿಯವರು ಮೂಟೆಗೆ ಸೇರು ಅದ್ದಿ ಎತ್ತಿದರು. ಮೇಲೆ ಗೋಪುರ ನಿಂತಿತ್ತು, ಎರಡು ಕಾಳು ಉದುರಿದವು. "ಲಾಭ" ಅಂತ ಮೊದಲನೆಯದನ್ನು ಸುರಿದು, "ಎರಡು" ಅಂತ ಇನ್ನೊಂದು ಸುರಿದರು. ಸೊಸೆ ಫೋನು ತೆಗೆದು, "ಅಣ್ಣ, ಇದು ಎಷ್ಟು ಗ್ರಾಂ ಆಗುತ್ತೆ?" ಅಂದಳು.

ಅವರು ಅವಳನ್ನೂ ಮೂಟೆಯನ್ನೂ ಒಂದು ಸಲ ನೋಡಿದರು. "ಸೇರನ್ನ ತೂಕ ಹಾಕಿ ನೋಡಿದ್ರೆ ಗಾಳಿಗೂ ದುಡ್ಡು ಕೊಡ್ತಿದೀನಿ ಅಂತ ನಿಮಗೆ ಬೇಜಾರು. ನೂರು ಗ್ರಾಂ ಕೊಡಿ ಅಂತ ನೀವು ಬಂದ್ರೆ ಚೀಲ ಹುಡುಕಿ ನನಗೆ ಬೇಜಾರು. ಯಾಕಮ್ಮ?"

ಅಷ್ಟು ಹೇಳಿ, ಬೊಗಸೆ ತುಂಬ ಇನ್ನಷ್ಟು ಪುರಿ ತೆಗೆದು ಚೀಲಕ್ಕೆ ಹಾಕಿದರು. ಸೊಸೆ ಮತ್ತೆ ಫೋನು ಎತ್ತಿದಳು.

"ಅತ್ತೆ, ಇದನ್ನ ಏನಂತ ಬರ್ಕೊಳ್ಳಲಿ?"

"ಕೊಸರು ಅಂತ ಬರ್ಕೋ."

"ಎಷ್ಟು?"

"ಗಿರಾಕಿ ಮುಖ ನೋಡಿಕೊಂಡು" ಅಂದರು ಗಾಡಿಯವರು, ಮುಂದಿನವರ ಚೀಲ ಬಿಡಿಸುತ್ತಾ.